ಹಳೆಯ ಯುಟಿಲಿಟಿ ಕ್ವಾಡ್ ಅನ್ನು ಟ್ರೇಲ್‌ಗೆ ತಯಾರು ಮಾಡುವುದು ಹೇಗೆ: ಹೋಂಡಾ ರ್ಯಾಂಚರ್ 350 ಇಟ್ಟುಕೊಂಡು ಒಂದು ಸಮಗ್ರ ಮಾರ್ಗದರ್ಶಿ

ಕ್ವಾಡ್ ಅಂದರೆ ಬೈಕಿನ ಹಾಗೆ ಹ್ಯಾಂಡಲ್ ಹಿಡಿದು ಓಡಿಸುವ ನಾಲ್ಕು ಚಕ್ರದ ಗಾಡಿ, ಟ್ರೇಲ್ ಅಂದರೆ ಬೆಟ್ಟ ಕಾಡಿನ ಕಚ್ಚಾ ದಾರಿ. ಅಂಥ ದಾರಿಯಲ್ಲಿ ಓಡಿಸಲು ಸ್ಪೋರ್ಟ್ಸ್ ಕ್ವಾಡೇ ಆಗಬೇಕು ಅಂತೇನಿಲ್ಲ. ಹೊಲದಲ್ಲಿ ಬೇಲಿ ಕಂಬ ಹೊತ್ತು, ಟ್ರೇಲರ್ ಎಳೆದು ಹಳೆಯದಾದ ಯುಟಿಲಿಟಿ ಕ್ವಾಡ್ ಕೂಡ ಚೆನ್ನಾಗಿಯೇ ಹತ್ತುತ್ತದೆ, ಇಳಿಯುತ್ತದೆ. ಆದರೆ ಕೊಂಡು ತಂದ ಮಾರನೇ ದಿನವೇ ದೊಡ್ಡ ಟಯರ್, ಸದ್ದಿನ ಸೈಲೆನ್ಸರ್, ಎಲ್‌ಇಡಿ ಬಾರ್ ಎಲ್ಲ ಹಾಕಿಸಿ ಹೊರಟುಬಿಡುವವರನ್ನು ನೋಡಿದರೆ ನನಗೆ ಸಂಕಟ ಆಗುತ್ತದೆ. ಯಾಕಂದ್ರೆ ಇಂಥ ಗಾಡಿ ದಾರಿ ಮಧ್ಯೆ ಕೈಕೊಡುವುದು ಶಕ್ತಿ ಸಾಲದೆ ಅಲ್ಲ. ಒಂದು ಸೀಲ್ ಹರಿದು ಬ್ರೇಕ್ ಒಳಗೆ ನೀರು ಹೋಗಿರುತ್ತದೆ, ಏರ್ ಫಿಲ್ಟರ್ ಪಕ್ಕದಿಂದ ಧೂಳು ನುಗ್ಗಿರುತ್ತದೆ, ಟ್ಯಾಪೆಟ್ (ವಾಲ್ವ್ ಮೇಲಿನ ಸಣ್ಣ ಸಂದು) ನೋಡದೆ ವರ್ಷಗಳೇ ಕಳೆದಿರುತ್ತವೆ. ಧೂಳು ಮತ್ತು ನೀರು ಒಳಗೆ ಹೋಗದ ಹಾಗೆ ಮಾಡಿ, ಇರುವುದನ್ನು ಸರಿಯಾಗಿ ಸೆಟ್ ಮಾಡಿದರೆ ಮುಕ್ಕಾಲು ಪಾಲು ಕೆಲಸ ಮುಗಿಯಿತು. ಹೊಸ ಸಾಮಾನಿನ ಯೋಚನೆ ಆಮೇಲೆ.

ಉದಾಹರಣೆಗೆ ನಾನು ತಗೊಂಡಿರುವುದು ಹೋಂಡಾ ರ್ಯಾಂಚರ್ 350. ಅಮೆರಿಕದಲ್ಲಿ 2000ದಿಂದ 2006ರ ಮಾಡೆಲ್‌ವರೆಗೆ ಬಂದ ಗಾಡಿ ಇದು, ಸೆಕೆಂಡ್ ಹ್ಯಾಂಡ್‌ನಲ್ಲಿ ಈಗಲೂ ಸಿಗುತ್ತದೆ. 329 ಸಿಸಿ, ಕಾರ್ಬ್ಯುರೇಟರ್, ಐದು ಗೇರ್ ಮತ್ತು ರಿವರ್ಸ್. ಚೈನ್ ಇಲ್ಲ, ಶಾಫ್ಟ್ ಡ್ರೈವ್. ಟಿಎಂ ಅಂದರೆ ಟೂ ವೀಲ್ ಡ್ರೈವ್, ಕಾಲಲ್ಲಿ ಗೇರ್. ಟಿಇ ಅಂದರೆ ಅದೇ ಗಾಡಿಗೆ ಬಟನ್ ಗೇರ್. ಎಫ್‌ಎಂ ಮತ್ತು ಎಫ್‌ಇ ಎರಡೂ ಫೋರ್ ವೀಲ್ ಡ್ರೈವ್, ಎಫ್‌ಎಂಗೆ ಕಾಲಲ್ಲಿ ಗೇರ್, ಎಫ್‌ಇಗೆ ಬಟನ್ ಗೇರ್. ನನ್ನನ್ನು ಕೇಳಿದರೆ ಟ್ರೇಲ್‌ಗೆ ಎಫ್‌ಎಂ ವಾಸಿ. ಕಾಲಲ್ಲಿ ಹಾಕುವ ಗೇರ್‌ಗೆ ಸೆನ್ಸರ್ ಕೆಡುವ ಭಯ ಇಲ್ಲ. ಬೇರೆ ಕಂಪನಿಯ, ಬೇರೆ ಮಾಡೆಲ್‌ನ ಗಾಡಿ ನಿಮ್ಮದಾದರೆ ಅಳತೆಗಳು ಬದಲಾಗುತ್ತವೆ, ಕೆಲಸದ ಕ್ರಮ ಇದೇ.

ಕೊಳ್ಳುವ ಮುಂಚೆ ನೋಡಬೇಕಾದ್ದು

ಮಾರುವವರಿಗೆ ಮೊದಲೇ ಹೇಳಿಡಿ: ನಾನು ಬರುವ ತನಕ ಸ್ಟಾರ್ಟ್ ಮಾಡಬೇಡಿ. ಹೋದ ತಕ್ಷಣ ಇಂಜಿನ್ ಮೇಲೆ ಕೈಯಿಟ್ಟು ನೋಡಿ. ಬೆಚ್ಚಗಿದ್ದರೆ ತಣ್ಣಗಿದ್ದಾಗ ಸ್ಟಾರ್ಟ್ ಆಗಲು ಹಟ ಮಾಡುತ್ತದೇನೋ ಅನ್ನುವ ಅನುಮಾನ ಇಟ್ಟುಕೊಳ್ಳಿ. ಚೋಕ್ ಎಳೆದು ಸ್ಟಾರ್ಟ್ ಮಾಡಿಸಿ, ಸೈಲೆನ್ಸರ್ ಹಿಂದೆ ನಿಂತು ಹೊಗೆ ನೋಡಿ. ನೀಲಿ ಹೊಗೆ ನಿಲ್ಲದೆ ಬರುತ್ತಿದ್ದರೆ ಆಯಿಲ್ ಉರಿಯುತ್ತಿದೆ ಅಂತ ಅರ್ಥ.

ಆಮೇಲೆ ಸೀಟ್ ತೆಗೆದು ಏರ್ ಬಾಕ್ಸ್ ಬಿಚ್ಚಿ. ಈ ಒಂದು ಪರೀಕ್ಷೆಯನ್ನು ಮಾತ್ರ ಬಿಡಬೇಡಿ. ಫಿಲ್ಟರ್ ಹೊರಗೆ ತೆಗೆದು, ಕಾರ್ಬ್ಯುರೇಟರ್ ಕಡೆ ಹೋಗುವ ರಬ್ಬರ್ ಕೊಳವೆಯ ಒಳಗೋಡೆಯನ್ನು ಬೆರಳಿನಿಂದ ಒರೆಸಿ. ಬೆರಳು ಚೊಕ್ಕವಾಗಿ ಬರಬೇಕು, ಸ್ವಲ್ಪ ಆಯಿಲ್ ಜಿಡ್ಡು ಇದ್ದರೆ ಪರವಾಗಿಲ್ಲ. ಕಂದು ಬಣ್ಣದ ನಯವಾದ ಧೂಳು ಹತ್ತಿತು ಅಂದರೆ ಆ ಧೂಳು ಪಿಸ್ಟನ್ ರಿಂಗ್‌ವರೆಗೂ ಹೋಗಿದೆ, ಸಿಲಿಂಡರ್ ಸವೆದಿದೆ. ಆ ಗಾಡಿ ಎಷ್ಟೇ ಫಳಫಳ ಅಂದರೂ ಇಂಜಿನ್ ಬಿಚ್ಚುವ ಖರ್ಚು ಲೆಕ್ಕ ಹಾಕಿಯೇ ಬೆಲೆ ಮಾತಾಡಿ.

ಡಿಪ್‌ಸ್ಟಿಕ್ ತೆಗೆದು ನೋಡಿ. ಆಯಿಲ್ ಹಾಲು ಬೆರೆಸಿದ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಈ ಇಂಜಿನ್‌ಗೆ ರೇಡಿಯೇಟರ್ ಇಲ್ಲ, ಕೂಲೆಂಟ್ ಬೆರೆಯಿತು ಅನ್ನುವ ನೆಪ ನಡೆಯುವುದಿಲ್ಲ. ಗಾಡಿಯನ್ನು ಯಾರೋ ಆಳದ ನೀರಿಗೆ ಇಳಿಸಿರುವ ಸಾಧ್ಯತೆಯೇ ಹೆಚ್ಚು. ಮುಂದಿನ ಚಕ್ರಗಳನ್ನು ಜ್ಯಾಕ್ ಮೇಲೆ ಎತ್ತಿಸಿ, ಚಕ್ರದ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಆಟ ಇದ್ದರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್ ಹೋಗಿದೆ. ಎಡ ಬಲ ಹಿಡಿದು ಅಲ್ಲಾಡಿಸಿದಾಗ ಆಟ ಕಂಡರೆ ಟೈ ರಾಡ್ ಎಂಡ್. ಆಕ್ಸಲ್ ಬೂಟ್‌ಗಳ (ಆಕ್ಸಲ್ ಜಾಯಿಂಟ್ ಮುಚ್ಚುವ ರಬ್ಬರ್ ಕವಚಗಳ) ಮಡಿಕೆಗಳನ್ನು ಬಿಡಿಸಿ ನೋಡಿ, ಸೀಳು ಇರುವುದು ಅಲ್ಲೇ. ಫ್ರೇಮ್ ಮೇಲಿನ ನಂಬರ್ ಮತ್ತು ಟೈಟಲ್ (ಮಾಲೀಕತ್ವದ) ಕಾಗದದ ನಂಬರ್ ಒಂದೇ ಇದೆಯಾ ಅಂತ ಅಕ್ಷರ ಅಕ್ಷರ ಹೊಂದಿಸಿ ನೋಡಿ. ತಾಳೆ ಆಗದಿದ್ದರೆ ಎಷ್ಟು ಅಗ್ಗವಾದರೂ ಬೇಡ.

ಮನೆಗೆ ತಂದ ಮೇಲೆ: ತೊಳೆದು, ಆಯಿಲ್ ಬದಲಿಸಿ

ಮೊದಲು ಚೆನ್ನಾಗಿ ತೊಳೆಯಿರಿ. ಕೆಸರಿನ ಅಡಿಯಲ್ಲಿ ಏನು ಸೋರುತ್ತಿದೆ, ಎಲ್ಲಿ ಬೋಲ್ಟ್ ಇಲ್ಲ ಅನ್ನುವುದು ಆಗ ಮಾತ್ರ ಕಾಣುತ್ತದೆ. ಪ್ರೆಶರ್ ವಾಷರ್ ಇದ್ದರೆ ಚಕ್ರದ ಸೀಲ್, ಕಾರ್ಬ್ಯುರೇಟರ್, ವೈರಿಂಗ್ ಕಡೆ ನೇರವಾಗಿ ಹಿಡಿಯಬೇಡಿ.

ಮಾರಿದವರು ಮೊನ್ನೆ ತಾನೆ ಬದಲಿಸಿದೆ ಅಂದರೂ ಇಂಜಿನ್ ಆಯಿಲ್ ಮತ್ತು ಫಿಲ್ಟರ್ ಬದಲಿಸಿ. ಇದರಲ್ಲಿ ಇಂಜಿನ್, ಗೇರ್‌ಬಾಕ್ಸ್, ಕ್ಲಚ್ ಮೂರಕ್ಕೂ ಒಂದೇ ಆಯಿಲ್. ಹಾಗಾಗಿ ಕಾರಿನ ಆಯಿಲ್ ಬೇಡ, ಅದರಲ್ಲಿರುವ ಜಾರಿಕೆಯ ರಾಸಾಯನಿಕದಿಂದ ಕ್ಲಚ್ ಸ್ಲಿಪ್ ಆಗಬಹುದು. ಆಯಿಲಲ್ಲೇ ಮುಳುಗಿರುವ ಕ್ಲಚ್‌ಗೆ ಸರಿಹೊಂದುತ್ತದೆ ಅನ್ನುವ ಗುರುತಾದ ಜಾಸೋ ಎಂಎ ಅಂತ ಬರೆದಿರುವ 10ಡಬ್ಲ್ಯು-40 ಮೋಟಾರ್‌ಸೈಕಲ್ ಆಯಿಲ್ ಹಾಕಿ.

ಹಿಂದಿನ ಫೈನಲ್ ಡ್ರೈವ್‌ನಲ್ಲೂ, ಫೋರ್ ವೀಲ್ ಡ್ರೈವ್ ಆದರೆ ಮುಂದಿನ ಡಿಫರೆನ್ಷಿಯಲ್‌ನಲ್ಲೂ ಗೇರ್ ಆಯಿಲ್ ಇರುತ್ತದೆ. ಇದನ್ನು ಮರೆಯುವವರೇ ಜಾಸ್ತಿ. ಹೋಂಡಾ ಹೇಳುವುದು ಎಸ್‌ಎಇ 80 ಹೈಪಾಯ್ಡ್ ಗೇರ್ ಆಯಿಲ್. ಹಳೆಯದನ್ನು ಬಿಳಿ ಡಬ್ಬಿಗೆ ಇಳಿಸಿ ನೋಡಿ. ಬೂದು ಬಣ್ಣಕ್ಕೆ ತಿರುಗಿದ್ದರೆ ನೀರು ಹೋಗಿದೆ. ಆಗ ಹೊಸ ಆಯಿಲ್ ಹಾಕಿ ಸ್ವಲ್ಪ ಓಡಿಸಿ ಮತ್ತೆ ಇಳಿಸಿ, ಬಣ್ಣ ಚೊಕ್ಕವಾಗುವ ತನಕ. ಡ್ರೈನ್ ಬೋಲ್ಟ್‌ಗೆ ಅಂಟಿದ ಲೋಹದ ಪುಡಿ ಪೇಸ್ಟ್ ತರಹ ಇದ್ದರೆ ಸಹಜ, ಚೂರುಗಳು ಕಂಡರೆ ಹಲ್ಲು ಮುರಿದಿದೆ.

ಟ್ಯೂನಿಂಗ್ ಕ್ರಮ: ಗಾಳಿ, ಟ್ಯಾಪೆಟ್, ಕೊನೆಗೆ ಪೆಟ್ರೋಲ್

ಗಾಡಿ ಐಡ್ಲಿಂಗ್ ನಿಲ್ಲಲಿಲ್ಲ ಅಂದ ಕೂಡಲೇ ಕಾರ್ಬ್ಯುರೇಟರ್ ಸ್ಕ್ರೂ ತಿರುಗಿಸಲು ಕೈ ಹೋಗುತ್ತದೆ. ತಡೆಯಿರಿ. ಗಾಳಿ ಸರಿ ಹೋಗದೆ, ವಾಲ್ವ್ ಸರಿ ಮುಚ್ಚದೆ ಪೆಟ್ರೋಲ್ ಹೊಂದಿಸಿದರೆ ಒಂದು ತಪ್ಪನ್ನು ಇನ್ನೊಂದು ತಪ್ಪಿನಿಂದ ಮುಚ್ಚಿದ ಹಾಗೆ.

ಏರ್ ಫಿಲ್ಟರ್ ಫೋಮ್‌ನದು. ಪೆಟ್ರೋಲ್‌ನಲ್ಲಿ ತೊಳೆಯಬೇಡಿ. ಬೆಂಕಿಯ ಅಪಾಯ ಒಂದು ಕಡೆ, ಫೋಮ್ ಅಂಟು ಬಿಡುವುದು ಇನ್ನೊಂದು ಕಡೆ. ಬಿಸಿ ನೀರು, ಪಾತ್ರೆ ಸೋಪು ಸಾಕು. ಹಿಂಡದೆ ಒತ್ತಿ ನೀರು ತೆಗೆಯಿರಿ, ಪೂರ್ತಿ ಒಣಗಲಿ. ಆಮೇಲೆ ಫೋಮ್ ಫಿಲ್ಟರ್ ಆಯಿಲ್ ಹಾಕಿ ಎಲ್ಲ ಕಡೆ ಒಂದೇ ಬಣ್ಣ ಬರುವ ಹಾಗೆ ಒತ್ತಿ ಒತ್ತಿ ಹರಡಿ. ಫಿಲ್ಟರ್ ಕೂರುವ ಅಂಚಿಗೆ ತೆಳುವಾಗಿ ಗ್ರೀಸ್ ಹಚ್ಚಿ. ಧೂಳು ಫೋಮ್ ತೂರಿ ಬರುವುದಕ್ಕಿಂತ ಈ ಅಂಚಿನ ಪಕ್ಕದಿಂದ ನುಸುಳುವುದೇ ಜಾಸ್ತಿ. ಏರ್ ಬಾಕ್ಸ್ ಮುಚ್ಚಳದಲ್ಲಿ ತೂತು ಕೊರೆದು ಪವರ್ ಜಾಸ್ತಿ ಮಾಡುತ್ತೇವೆ ಅನ್ನುವವರ ಮಾತು ಕೇಳಬೇಡಿ. ಹೊಳೆ ದಾಟುವಾಗ ಆ ತೂತಿನಿಂದಲೇ ನೀರು ಬರುತ್ತದೆ.

ಇನ್ನು ಟ್ಯಾಪೆಟ್. ಊರಲ್ಲಿ ಬೈಕ್ ಟ್ಯಾಪೆಟ್ ಸೆಟ್ಟಿಂಗ್ ನೋಡಿದವರಿಗೆ ಇದು ಹೊಸದಲ್ಲ. ಇಂಜಿನ್ ಪೂರ್ತಿ ತಣ್ಣಗಿರಬೇಕು. ಪ್ಲಗ್ ತೆಗೆಯಿರಿ, ಟೈಮಿಂಗ್ ರಂಧ್ರದ ಮುಚ್ಚಳ ಬಿಚ್ಚಿ, ಸ್ಟಾರ್ಟರ್ ಹಗ್ಗವನ್ನು ನಿಧಾನ ಎಳೆಯುತ್ತಾ ಫ್ಲೈವೀಲ್ ಮೇಲಿನ 'ಟಿ' ಗುರುತು ಅಂಚಿನ ಗುರುತಿಗೆ ಸರಿಯಾಗಿ ಬರುವ ಹಾಗೆ ನಿಲ್ಲಿಸಿ. ಆಗ ವಾಲ್ವ್ ಒತ್ತುವ ಎರಡೂ ರಾಕರ್ ಕೈಗೆ ಸಡಿಲ ಸಿಗಬೇಕು. ಸಿಗದಿದ್ದರೆ ಇನ್ನೊಂದು ಸುತ್ತು ತಿರುಗಿಸಿ. ಇನ್‌ಲೆಟ್, ಎಕ್ಸಾಸ್ಟ್ ಎರಡಕ್ಕೂ 0.15 ಮಿಮೀ. ಫೀಲರ್ ಗೇಜ್ (ಸಂದು ಅಳೆಯುವ ತೆಳು ಲೋಹದ ಪಟ್ಟಿ) ಎಳೆದಾಗ ಸಣ್ಣದಾಗಿ ಹಿಡಿದ ಹಾಗೆ ಆಗಬೇಕು, ಸಲೀಸಾಗಿ ಜಾರಬಾರದು, ಸಿಕ್ಕಿಕೊಳ್ಳಲೂಬಾರದು. ಲಾಕ್ ನಟ್ ಬಿಗಿದ ಮೇಲೆ ಇನ್ನೊಮ್ಮೆ ಅಳೆಯಿರಿ, ಬಿಗಿಯುವಾಗ ಸ್ಕ್ರೂ ಕದಲಿರುತ್ತದೆ. ಟಕಟಕ ಸದ್ದು ಮಾಡುವ ಸಡಿಲ ಟ್ಯಾಪೆಟ್‌ಗಿಂತ ಸದ್ದೇ ಮಾಡದ ಬಿಗಿ ಟ್ಯಾಪೆಟ್ ಅಪಾಯ: ವಾಲ್ವ್ ಪೂರ್ತಿ ಮುಚ್ಚದೆ ಸುಡುತ್ತದೆ, ಬಿಸಿಯಾದ ಮೇಲೆ ಗಾಡಿ ಸ್ಟಾರ್ಟ್ ಆಗುವುದಿಲ್ಲ. ಪ್ಲಗ್ ಎನ್‌ಜಿಕೆ ಡಿಪಿಆರ್7ಇಎ-9, ಗ್ಯಾಪ್ 0.8ರಿಂದ 0.9 ಮಿಮೀ.

ಕಾರ್ಬ್ಯುರೇಟರ್

ಅಮೆರಿಕದ ಬಂಕ್‌ಗಳಲ್ಲಿ ಸಾಮಾನ್ಯವಾಗಿ ಸಿಗುವ ಪೆಟ್ರೋಲ್‌ನಲ್ಲಿ ಹತ್ತು ಪರ್ಸೆಂಟ್‌ವರೆಗೂ ಎಥನಾಲ್ ಇರುತ್ತದೆ. ತಿಂಗಳುಗಟ್ಟಲೆ ಹಾಗೇ ನಿಂತ ಗಾಡಿಯಲ್ಲಿ ಅದು ಅಂಟಾಗಿ, ಐಡ್ಲಿಂಗ್‌ಗೆ ಪೆಟ್ರೋಲ್ ಕೊಡುವ, ಕೂದಲೆಳೆಯಷ್ಟು ಸಣ್ಣ ಪೈಲಟ್ ಜೆಟ್ ರಂಧ್ರವನ್ನು ಮೊದಲು ಮುಚ್ಚುತ್ತದೆ. ಚೋಕ್ ಎಳೆದರೆ ಮಾತ್ರ ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ ಅಂದರೆ ಮೊದಲು ಅನುಮಾನಿಸಬೇಕಾದ್ದು ಇದನ್ನೇ.

ಪೆಟ್ರೋಲ್ ಕಾಕ್ ಮುಚ್ಚಿ, ಫ್ಲೋಟ್ ಬೌಲ್ ಖಾಲಿ ಮಾಡಿ, ಕಾರ್ಬ್ಯುರೇಟರ್ ಹೊರಗೆ ತೆಗೆಯಿರಿ. ಬಿಚ್ಚುವಾಗ ಪ್ರತಿ ಹಂತದ ಫೋಟೋ ತೆಗೆದಿಟ್ಟುಕೊಳ್ಳಿ. ಇದರ ಸ್ಕ್ರೂಗಳು ಜಪಾನಿನ ಜೆಐಎಸ್ ಅಳತೆಯವು, ನೋಡಲು ಫಿಲಿಪ್ಸ್ ತರಹವೇ ಇದ್ದರೂ ಫಿಲಿಪ್ಸ್ ಸ್ಕ್ರೂಡ್ರೈವರ್ ಹಾಕಿದರೆ ತಲೆ ಸವೆದು ಹೋಗುತ್ತದೆ. ಒಂದು ಜೆಐಎಸ್ ಸ್ಕ್ರೂಡ್ರೈವರ್ ಕೊಂಡುಬಿಡಿ. ಪೈಲಟ್ ಸ್ಕ್ರೂ ತೆಗೆಯುವ ಮುಂಚೆ ಅದನ್ನು ಮೆಲ್ಲಗೆ ಒಳಗೆ ತಿರುಗಿಸುತ್ತಾ, ತಾಗುವ ತನಕ ಎಷ್ಟು ಸುತ್ತು ಅಂತ ಎಣಿಸಿ ಬರೆದಿಡಿ. ಬಿಗಿಯಬೇಡಿ, ಚೂಪು ತುದಿ ಮುರಿದು ಒಳಗೇ ಉಳಿಯುತ್ತದೆ. ಜೆಟ್‌ಗಳನ್ನು ಒಂದೊಂದಾಗಿ ತೆಗೆದು ಬೆಳಕಿಗೆ ಹಿಡಿಯಿರಿ. ದುಂಡಗಿನ, ಅಂಚು ಚೊಕ್ಕವಾದ ಬೆಳಕಿನ ಚುಕ್ಕೆ ಕಾಣಬೇಕು. ಅರ್ಧಚಂದ್ರ ಕಂಡರೆ ಇನ್ನೂ ಕೊಳೆ ಇದೆ. ಕಾರ್ಬ್ ಕ್ಲೀನರ್ ಹೊಡೆದು ನೆನೆಯಲು ಬಿಡಿ, ವೈರ್‌ನಿಂದ ಬಿಡಿಸಿದ ತೆಳು ತಾಮ್ರದ ಎಳೆಯಿಂದ ಚುಚ್ಚಿ, ಗಾಳಿ ಊದಿ. ಉಕ್ಕಿನ ತಂತಿ ಬೇಡ, ಹಿತ್ತಾಳೆ ಜೆಟ್ ಅಗಲವಾಗಿಬಿಡುತ್ತದೆ.

ಮೇಲಿನ ಮುಚ್ಚಳದ ಕೆಳಗೆ ತೆಳು ರಬ್ಬರ್ ಡಯಾಫ್ರಮ್ ಇರುತ್ತದೆ. ಅದನ್ನೂ ಬೆಳಕಿಗೆ ಹಿಡಿದು ಸೂಜಿ ತೂತು ಇದೆಯಾ ನೋಡಿ. ತೂತಿದ್ದರೆ ಥ್ರಾಟಲ್ ಎಷ್ಟು ಒತ್ತಿದರೂ ಸ್ಲೈಡ್ (ಗಾಳಿಯ ದಾರಿ ತೆರೆಯುವ ಭಾಗ) ಪೂರ್ತಿ ಏಳುವುದಿಲ್ಲ, ಗಾಡಿ ಏರಿನಲ್ಲಿ ಉಸಿರು ಕಟ್ಟಿದ ಹಾಗೆ ಆಡುತ್ತದೆ. ಡಯಾಫ್ರಮ್‌ಗೆ ಕಾರ್ಬ್ ಕ್ಲೀನರ್ ತಾಗಿಸಬೇಡಿ, ರಬ್ಬರ್ ಉಬ್ಬುತ್ತದೆ. ಒಂದು ಮಾತು: ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಪೂರ್ತಿ ಹೊಸ ಕಾರ್ಬ್ಯುರೇಟರ್ ಸಿಗುತ್ತದೆ ಅಂತ ಗಾಡಿಯ ಜೊತೆ ಬಂದ ಮೂಲದ ಕೈಹಿನ್ ಕಂಪನಿಯ ಕಾರ್ಬ್ಯುರೇಟರ್ ಎಸೆಯಬೇಡಿ. ಅದನ್ನು ತೊಳೆದು, ಗ್ಯಾಸ್ಕೆಟ್ ಮತ್ತು ಫ್ಲೋಟ್ ಸೂಜಿ ಹೊಸದು ಹಾಕಿ ಉಳಿಸಿಕೊಳ್ಳುವುದೇ ಮೇಲು.

ಜೋಡಿಸಿದ ಮೇಲೆ ಪೈಲಟ್ ಸ್ಕ್ರೂವನ್ನು ಬರೆದಿಟ್ಟ ಸುತ್ತಿಗೆ ತನ್ನಿ. ಇಂಜಿನ್ ಚೆನ್ನಾಗಿ ಬಿಸಿಯಾಗಲಿ. ಸ್ಕ್ರೂವನ್ನು ಸ್ವಲ್ಪ ಸ್ವಲ್ಪವೇ ಆಚೆ ಈಚೆ ತಿರುಗಿಸುತ್ತಾ ಐಡ್ಲಿಂಗ್ ಅತಿ ಜಾಸ್ತಿ ಎಲ್ಲಿ ಬರುತ್ತದೋ ಅಲ್ಲಿ ಬಿಡಿ, ಆಮೇಲೆ ಐಡ್ಲಿಂಗ್ ಸ್ಕ್ರೂನಿಂದ 1,400 ಆರ್‌ಪಿಎಂ ಹತ್ತಿರಕ್ಕೆ ಇಳಿಸಿ. ಥ್ರಾಟಲ್ ಒತ್ತಿ ಬಿಟ್ಟಾಗ ಸದ್ದು ಇಳಿಯದೆ ತೂಗಾಡಿದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ. ಆಗ ಇನ್‌ಟೇಕ್ ರಬ್ಬರ್ ಸುತ್ತ ಸ್ಪ್ರೇ ಬಾಟಲಿಯಿಂದ ನೀರು ಸಿಂಪಡಿಸಿ. ಇಂಜಿನ್ ಸದ್ದು ಬದಲಾದರೆ ಅಲ್ಲೇ ಬಿರುಕು. ಇದಕ್ಕೆ ಕ್ಲೀನರ್ ಸ್ಪ್ರೇ ಬಳಸುವವರೂ ಇದ್ದಾರೆ, ಬಿಸಿ ಎಕ್ಸಾಸ್ಟ್ ಪಕ್ಕದಲ್ಲಿ ನನಗದು ಸರಿಯೆನಿಸುವುದಿಲ್ಲ.

ಜೆಟ್ ಬದಲಿಸಬೇಕಾ? ಫಿಲ್ಟರ್, ಸೈಲೆನ್ಸರ್ ಕಂಪನಿಯದೇ ಇದ್ದರೆ, ಓಡಿಸುವುದು ಪೂರ್ವ ಅಮೆರಿಕದ ಬೆಟ್ಟಗಳಲ್ಲಿ ಆದರೆ, ಬೇಡ. ಕೊಲೊರಾಡೊದ ಆಲ್ಪೈನ್ ಲೂಪ್ ತರಹ 12,000 ಅಡಿ ದಾಟುವ ಕಡೆ ಹೋಗುವುದಾದರೆ ವಿಷಯ ಬೇರೆ. ಅಲ್ಲಿ ಗಾಳಿ ತೆಳು, ಅದೇ ಜೆಟ್ ಪೆಟ್ರೋಲ್ ಜಾಸ್ತಿ ಕೊಟ್ಟ ಹಾಗಾಗುತ್ತದೆ, ಪ್ಲಗ್ ಕಪ್ಪಾಗುತ್ತದೆ. ಸಣ್ಣ ಮೇನ್ ಜೆಟ್ ಹಾಕಬೇಕು. ಕೆಳಗೆ ಬಂದ ಮೇಲೆ ನೆನಪಿಟ್ಟುಕೊಂಡು ಹಳೆಯದನ್ನು ವಾಪಸ್ ಹಾಕಿ, ಇಲ್ಲದಿದ್ದರೆ ಇಂಜಿನ್ ವಿಪರೀತ ಬಿಸಿಯಾಗುತ್ತದೆ.

ಕ್ಲಚ್ ಮತ್ತು ಗೇರ್

ಕ್ಲಚ್ ಲಿವರ್ ಇಲ್ಲ ಅಂದ ಮಾತ್ರಕ್ಕೆ ಅಡ್ಜಸ್ಟ್‌ಮೆಂಟ್ ಇಲ್ಲ ಅಂತಲ್ಲ. ಗೇರ್ ಒರಟಾಗಿ ಬೀಳುತ್ತಿದ್ದರೆ ಇಂಜಿನ್ ಆಫ್ ಮಾಡಿ, ಕ್ಲಚ್ ಕವರ್ ಮೇಲಿನ ಲಾಕ್ ನಟ್ ಸಡಿಲಿಸಿ, ನಡುವಿನ ಸ್ಕ್ರೂವನ್ನು ಎಡಕ್ಕೆ ತಿರುಗಿಸುತ್ತಾ ಸ್ವಲ್ಪ ತಡೆ ಸಿಕ್ಕ ಕಡೆ ನಿಲ್ಲಿಸಿ, ಅಲ್ಲಿಂದ ಬಲಕ್ಕೆ ಕಾಲು ಸುತ್ತು ತಂದು ಲಾಕ್ ಮಾಡಿ. ಅಷ್ಟೇ. ಬಟನ್ ಗೇರ್ ಗಾಡಿ ಆದರೆ ಬ್ಯಾಟರಿ ಗಟ್ಟಿ ಇರಲೇಬೇಕು. ಇಂಜಿನ್ ಆಫ್ ಇದ್ದಾಗ 12.6 ವೋಲ್ಟ್ ಹತ್ತಿರ ತೋರಿಸಲಿ. ಬಟನ್ ಕೈಕೊಟ್ಟರೆ ಕೈಯಿಂದ ಗೇರ್ ಬದಲಿಸುವ ಟೂಲ್ ಗಾಡಿಯ ಟೂಲ್ ಕಿಟ್‌ನಲ್ಲೇ ಬರುತ್ತಿತ್ತು, ನಿಮ್ಮ ಗಾಡಿಯಲ್ಲಿ ಅದು ಉಳಿದಿದೆಯಾ ಅಂತ ಈಗಲೇ ನೋಡಿ.

ಬ್ರೇಕ್: ಇಲ್ಲಿ ಕಂಜೂಸಿ ಬೇಡ

ರ್ಯಾಂಚರ್ 350ಗೆ ಮುಂದೆ ಡಿಸ್ಕ್ ಇಲ್ಲ, ಹೈಡ್ರಾಲಿಕ್ ಡ್ರಮ್. ಡ್ರಮ್ ಸುತ್ತ ಒಂದು ರಬ್ಬರ್ ಸೀಲ್ ಇರುತ್ತದೆ. ಅದು ಹಳೆಯದಾಗಿ ತುಟಿ ಗಟ್ಟಿಯಾದರೆ ಕೆಸರು ನೀರು ಒಳಗೆ ಹೋಗಿ ಅಲ್ಲೇ ನಿಲ್ಲುತ್ತದೆ. ಬ್ರೇಕ್ ಶೂ ಒದ್ದೆ, ವೀಲ್ ಸಿಲಿಂಡರ್ ತುಕ್ಕು ಹಿಡಿದು ಬಿಗಿ. ಲಿವರ್ ಒತ್ತಿದರೆ ಗಟ್ಟಿಯಾಗಿಯೇ ಇರುತ್ತದೆ, ಗಾಡಿ ಮಾತ್ರ ನಿಲ್ಲುವುದಿಲ್ಲ. ಹೊಲದಲ್ಲಿ ಇದು ಗೊತ್ತೇ ಆಗುವುದಿಲ್ಲ, ಇಳಿಜಾರಿನಲ್ಲಿ ಗೊತ್ತಾಗುತ್ತದೆ.

ಚಕ್ರ ತೆಗೆದು, ಸ್ಪ್ಲಿಟ್ ಪಿನ್ ಎಳೆದು, ಆಕ್ಸಲ್ ನಟ್ ಬಿಚ್ಚಿ ಡ್ರಮ್ ಹೊರಗೆಳೆಯಿರಿ. ಒಳಗಿನ ಪುಡಿಯನ್ನು ಊದಬೇಡಿ, ಉಸಿರಾಟಕ್ಕೆ ಕೆಟ್ಟದ್ದು. ಬ್ರೇಕ್ ಕ್ಲೀನರ್‌ನಿಂದ ತೊಳೆಯಿರಿ. ವೀಲ್ ಸಿಲಿಂಡರ್ ರಬ್ಬರ್ ಎತ್ತಿ ನೋಡಿದಾಗ ಒದ್ದೆ ಇದ್ದರೆ ಸೋರುತ್ತಿದೆ, ಬದಲಿಸಿ. ಸೀಲ್ ಹೊಸದೇ ಹಾಕಿ, ಅದರ ತುಟಿಗೆ ಗ್ರೀಸ್ ಹಚ್ಚಿ. ಮತ್ತೆ ಕೂಡಿಸುವಾಗ ಸ್ಪ್ಲಿಟ್ ಪಿನ್ ಹೊಸದಿರಲಿ. ಡ್ರಮ್‌ನ ಅಡ್ಜಸ್ಟರ್ ರಂಧ್ರದ ರಬ್ಬರ್ ಮುಚ್ಚಳ ತೆಗೆದು, ಚಪ್ಪಟೆ ಸ್ಕ್ರೂಡ್ರೈವರ್‌ನಿಂದ ಬ್ರೇಕ್ ಶೂ ಹೊಂದಿಸುವ ಅಡ್ಜಸ್ಟರ್ ತಿರುಗಿಸಿ. ಚಕ್ರ ಪೂರ್ತಿ ಹಿಡಿದ ಮೇಲೆ ಮೂರು ಕ್ಲಿಕ್ ಹಿಂದಕ್ಕೆ. ಬ್ರೇಕ್ ಆಯಿಲ್ ಡಾಟ್ 4 ಹೊಸದು ತುಂಬಿ ಏರ್ ತೆಗೆಯಿರಿ. ಹಿಂದಿನ ಡ್ರಮ್ ಕೇಬಲ್‌ನದು, ಲಿವರ್ ಮತ್ತು ಪೆಡಲ್ ಎರಡಕ್ಕೂ 15ರಿಂದ 20 ಮಿಮೀ ಫ್ರೀ ಪ್ಲೇ (ಬ್ರೇಕ್ ಹಿಡಿಯುವ ಮುಂಚಿನ ಆಟ). ಕೇಬಲ್ ಒಳಗೆ ತುಕ್ಕಿದ್ದರೆ ಆಯಿಲ್ ಬಿಟ್ಟು ಸರಿ ಮಾಡಲು ಹೋಗದೆ ಬದಲಿಸಿ. ಥ್ರಾಟಲ್ ಲಿವರ್ ಬಿಟ್ಟ ತಕ್ಷಣ ತಾನಾಗೇ ಟಪ್ ಅಂತ ವಾಪಸ್ ಬರಬೇಕು, ಹ್ಯಾಂಡಲ್ ಪೂರ್ತಿ ಎಡಕ್ಕೂ ಬಲಕ್ಕೂ ತಿರುಗಿಸಿದಾಗಲೂ. ಅದರ ತುದಿಯಲ್ಲಿ 3ರಿಂದ 8 ಮಿಮೀ ಆಟ ಸರಿ.

ಟಯರ್ ಮತ್ತು ಭಾರ

ಈ ಟಯರ್‌ಗಳ ಗಾಳಿ ತುಂಬಾ ಕಡಿಮೆ. ಇಂಥ ಕ್ವಾಡ್‌ಗಳಿಗೆ ಸಾಮಾನ್ಯವಾಗಿ 3ರಿಂದ 5 ಪಿಎಸ್‌ಐ ಒಳಗೆ, ನಿಮ್ಮದಕ್ಕೆ ಎಷ್ಟು ಅಂತ ಗಾಡಿಯ ಮೇಲಿನ ಸ್ಟಿಕ್ಕರ್ ಹೇಳುತ್ತದೆ. ಕಾರಿನ ಗೇಜ್ ಇಷ್ಟು ಕೆಳಗೆ ಸರಿಯಾಗಿ ತೋರಿಸುವುದಿಲ್ಲ, ಕಡಿಮೆ ಒತ್ತಡದ ಗೇಜ್ ಬೇರೆ ಕೊಳ್ಳಿ. ಎಡ ಬಲ ಒಂದು ಪಿಎಸ್‌ಐ ವ್ಯತ್ಯಾಸ ಬಂದರೂ ಹ್ಯಾಂಡಲ್ ಒಂದು ಕಡೆ ಎಳೆಯುತ್ತದೆ, ಅದನ್ನು ಅಲೈನ್‌ಮೆಂಟ್ ತೊಂದರೆ ಅಂದುಕೊಂಡು ಟೈ ರಾಡ್ ತಿರುಗಿಸಿ ಕೆಡಿಸುವವರಿದ್ದಾರೆ. ಕಲ್ಲು ಜಾಸ್ತಿ ಇರುವ ಕಡೆ ಸಿಕ್ಸ್ ಪ್ಲೈ (ಗಟ್ಟಿ ಪದರದ) ಟಯರ್ ಹಾಕಿ, ಅಳತೆ ಮಾತ್ರ ಕಂಪನಿಯದೇ ಇರಲಿ. ದೊಡ್ಡ ಚಕ್ರ ಹಾಕಿದಷ್ಟೂ ಗೇರಿಂಗ್ ಎತ್ತರವಾಗಿ ಏರಿನಲ್ಲಿ ಎಳೆಯುವ ಶಕ್ತಿ ಕಡಿಮೆ ಆಗುತ್ತದೆ.

ರ್ಯಾಕ್ ಮೇಲೆ ಮುಂದೆ 30, ಹಿಂದೆ 60 ಕೆಜಿ ಮಿತಿ. ಟ್ರೇಲ್‌ನಲ್ಲಿ ಅದರ ಅರ್ಧವೂ ಬೇಡ. ಭಾರದ್ದು ಕೆಳಗೆ, ಹಗುರದ್ದು ಮೇಲೆ. ಸೀಟ್ ಉದ್ದ ಇದೆ ಅಂತ ಹಿಂದೆ ಇನ್ನೊಬ್ಬರನ್ನು ಕೂರಿಸಲೇಬೇಡಿ. ಇದು ಒಬ್ಬರ ಗಾಡಿ. ಆ ಉದ್ದ ಸೀಟ್ ಇರುವುದು ಏರು ಇಳಿಜಾರಿನಲ್ಲಿ ನೀವೇ ಮುಂದೆ ಹಿಂದೆ ಸರಿಯಲಿ ಅಂತ.

ನೀರಿನಿಂದ ಕಾಪಾಡಿಕೊಳ್ಳುವುದು

ಓಡಿ ಬಿಸಿಯಾದ ಡಿಫರೆನ್ಷಿಯಲ್ ತಣ್ಣನೆಯ ಹೊಳೆಗೆ ಇಳಿದರೆ ಒಳಗಿನ ಗಾಳಿ ಕುಗ್ಗುತ್ತದೆ, ಹೊರಗಿನಿಂದ ಏನನ್ನಾದರೂ ಒಳಗೆ ಎಳೆದುಕೊಳ್ಳುತ್ತದೆ. ಗಾಳಿ ಆಡಲು ಇಟ್ಟಿರುವ ಬ್ರೀದರ್ ಪೈಪ್ ಸರಿ ಇದ್ದರೆ ಗಾಳಿ ಎಳೆಯುತ್ತದೆ. ಪೈಪ್ ಮಣ್ಣು ಕಟ್ಟಿದ್ದರೆ ಅಥವಾ ಕಿತ್ತು ಕೆಳಗೆ ಬಿದ್ದಿದ್ದರೆ ನೀರು. ಪ್ರತಿ ಬ್ರೀದರ್ ಪೈಪ್ ಹುಡುಕಿ, ಊದಿ ನೋಡಿ, ಬಿರುಕಿದ್ದರೆ ಹೊಸದು ಹಾಕಿ, ತುದಿ ಹ್ಯಾಂಡಲ್ ಹತ್ತಿರದವರೆಗೆ ಎತ್ತರಕ್ಕೆ ಕಟ್ಟಿ. ವೈರ್ ಕನೆಕ್ಟರ್‌ಗಳನ್ನು ಬಿಡಿಸಿ ಡೈಎಲೆಕ್ಟ್ರಿಕ್ ಗ್ರೀಸ್ ಹಾಕಿ. ಕಾಲು ಇಡುವ ಫುಟ್‌ರೆಸ್ಟ್ ಮುಳುಗುವಷ್ಟು ಆಳ ಇದ್ದರೆ ಬೇರೆ ದಾರಿ ಹುಡುಕಿ.

ಟ್ರೇಲ್‌ಗೆ ಹೊರಡುವಾಗ

ಉತ್ತರ ಕೆರೊಲಿನಾ, ವರ್ಜೀನಿಯಾ ಕಡೆಯ ಕನ್ನಡಿಗರಿಗೆ ಹತ್ತಿರದ ದೊಡ್ಡ ಜಾಗ ವೆಸ್ಟ್ ವರ್ಜೀನಿಯಾದ ಹ್ಯಾಟ್‌ಫೀಲ್ಡ್-ಮೆಕಾಯ್ ಟ್ರೇಲ್ಸ್. 2000ದಲ್ಲಿ ಶುರುವಾಗಿದ್ದು, ಈಗ 1,000 ಮೈಲಿ ದಾಟಿದೆ. ಕಲ್ಲಿದ್ದಲ ನಾಡಿನ ಬೆಟ್ಟಗಳು. ಪ್ರತಿಯೊಬ್ಬರಿಗೂ ಪರ್ಮಿಟ್ ಬೇಕು, ಹೆಲ್ಮೆಟ್ ಕಡ್ಡಾಯ, ಸೈಲೆನ್ಸರ್‌ನಲ್ಲಿ ಸ್ಪಾರ್ಕ್ ಅರೆಸ್ಟರ್ (ಕಿಡಿ ಹೊರಗೆ ಹಾರದ ಹಾಗೆ ತಡೆಯುವ ಭಾಗ) ಇರಬೇಕು. ಹಿಂದಿನ ಮಾಲೀಕರು ಸದ್ದಿಗಾಗಿ ಅದನ್ನು ಕಿತ್ತಿದ್ದರೆ ಮೊದಲು ಹಾಕಿಸಿ. ಹಸಿರು ಗುರುತು ಸುಲಭದ ದಾರಿ, ನೀಲಿ ಅದಕ್ಕಿಂತ ಕಷ್ಟ, ಕಪ್ಪು ತುಂಬಾ ಕಷ್ಟ. ಹೊಸದಾಗಿ ತಯಾರಾದ ಗಾಡಿಯನ್ನು ಹಸಿರಿನಲ್ಲೇ ಓಡಿಸಿ. ಗಿಲ್ಬರ್ಟ್, ಮೇಟ್‌ವಾನ್ ತರಹದ ಊರುಗಳ ಒಳಗೂ ಕ್ವಾಡ್ ಓಡಿಸಬಹುದು, ಪೆಟ್ರೋಲ್ ಊಟ ಎರಡಕ್ಕೂ ಅನುಕೂಲ.

ಅದಕ್ಕೂ ಮುಂಚೆ ಮನೆ ಹತ್ತಿರ ಅನುಮತಿ ಇರುವ ಜಾಗದಲ್ಲಿ ಒಂದು ಗಂಟೆ ಓಡಿಸಿ ಬನ್ನಿ. ತಂದು ನಿಲ್ಲಿಸಿ ಮುಂದಿನ ಎರಡು, ಹಿಂದಿನ ಒಂದು, ಹೀಗೆ ಮೂರೂ ಡ್ರಮ್ ಹತ್ತಿರ ಕೈ ತನ್ನಿ, ಮುಟ್ಟಬೇಡಿ. ಒಂದು ಮಾತ್ರ ವಿಪರೀತ ಬಿಸಿ ಇದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿದೆ. ಚಕ್ರದ ನಟ್‌ಗಳನ್ನು ಟಾರ್ಕ್ ರೆಂಚ್‌ನಿಂದ ಮತ್ತೆ ಬಿಗಿಯಿರಿ. ಆಯಿಲ್ ಲೆವೆಲ್ ನೋಡಿ. ಎಲ್ಲಿಯಾದರೂ ಹೊಸ ತೇವ ಕಂಡರೆ ಅಲ್ಲಿಂದಲೇ ಸೋರುವುದು.

ಜೊತೆಗೆ ಒಯ್ಯಬೇಕಾದ್ದು ಇಷ್ಟು: ಟಯರ್ ಪ್ಲಗ್ ಕಿಟ್, ಕೈ ಪಂಪ್, ಕಡಿಮೆ ಒತ್ತಡದ ಗೇಜ್, ಒಂದು ಸ್ಪಾರ್ಕ್ ಪ್ಲಗ್ ಮತ್ತು ಅದರ ಸ್ಪ್ಯಾನರ್, ಎಳೆಯುವ ಸ್ಟ್ರಾಪ್, ಫ್ಯೂಸ್, ಜಿಪ್ ಟೈ, ಕುಡಿಯುವ ನೀರು, ಪ್ರಥಮ ಚಿಕಿತ್ಸೆ ಕಿಟ್, ಕಾಗದದ ನಕ್ಷೆ. ಆ ಬೆಟ್ಟಗಳಲ್ಲಿ ಮೊಬೈಲ್ ಸಿಗ್ನಲ್ ನಂಬಬೇಡಿ, ಒಬ್ಬರೇ ಹೋಗಬೇಡಿ. ಕೆಸರಿನಲ್ಲಿ ಸಿಕ್ಕಿದ ಗಾಡಿಯನ್ನು ಹಗ್ಗ ಸುತ್ತಿ ಎಳೆಯುವ ವಿಂಚ್ ಇದ್ದರೆ ಒಳ್ಳೆಯದು. ಬ್ರೇಕ್ ಸೀಲ್ ಬದಲಿಸುವ ದುಡ್ಡಿನಲ್ಲಿ ವಿಂಚ್ ಕೊಳ್ಳುವುದು ಮಾತ್ರ ಬೇಡ.

ವಾಪಸ್ ಬಂದ ದಿನವೇ ತೊಳೆದು, ಏರ್ ಫಿಲ್ಟರ್ ತೆಗೆದು ನೋಡಿ, ಏರ್ ಬಾಕ್ಸ್ ಕೆಳಗಿನ ಡ್ರೈನ್ ಪೈಪ್‌ನಲ್ಲಿ ನೀರು ನಿಂತಿದ್ದರೆ ಇಳಿಸಿ. ಒಂದು ತಿಂಗಳಿಗಿಂತ ಜಾಸ್ತಿ ನಿಲ್ಲಿಸುವುದಾದರೆ ಪೆಟ್ರೋಲ್ ಕಾಕ್ ಮುಚ್ಚಿ, ಫ್ಲೋಟ್ ಬೌಲ್ ಡ್ರೈನ್ ಸ್ಕ್ರೂ ಬಿಚ್ಚಿ ಖಾಲಿ ಮಾಡಿ, ಬ್ಯಾಟರಿಗೆ ಟ್ರಿಕಲ್ ಚಾರ್ಜರ್ ಹಾಕಿಡಿ.